ಮುದ್ರಿತ ಫಲಕದಲ್ಲಿ ವಿದ್ಯುತ್ತಿನ ಮರುದಾರಿ



ಕೆರೆಯ ತೂಬಿನಿಂದ ಹೊರಟ ನೀರು ಕಾಲುವೆಯಲ್ಲಿ ಹರಿದು ಗದ್ದೆಯನ್ನು ಸೇರಿ ಅಲ್ಲಿಯೇ ಇಂಗಿಹೋದರೆ ಅದರ ಕಾರ್ಯವು ಮುಗಿದಂತೆಯೇ ಸರಿ. ಆ ನೀರು ಮತ್ತೆ ಅದೇ ಕೆರೆಗೆ ಹಿಂದಿರುಗಬೇಕೆಂಬ ನಿರ್ಬಂಧವಿಲ್ಲ. ವಿದ್ಯುತ್ತಿನ ಧರ್ಮವಾದರೋ ಬೇರೆ. ಹೊರಟ ಸ್ಥಾನಕ್ಕೆ ಹಿಂದಿರುಗದ ವಿದ್ಯುತ್ಪ್ರವಾಹವು ಇಲ್ಲ. ಆದುದರಿಂದ ಹೋಗುವ ದಾರಿಯೊಂದು ಇದ್ದಲ್ಲೆಲ್ಲಾ ಬರುವ ದಾರಿಯೂ ಒಂದು ಇದ್ದೇ ಇರಬೇಕು. ಹೋಗುವ ದಾರಿಯನ್ನು ಮಾತ್ರ ಎಣಿಸಿ ಮರುದಾರಿಯನ್ನು ಮರೆತವನ ಯಂತ್ರವು ಕಾಗದದ ಮೇಲೆ ನಡೆಯುವುದು, ಮೇಜಿನ ಮೇಲೆ ಸುಟ್ಟುಹೋಗುವುದು. ವಿದ್ಯುಚ್ಛಕ್ತಿಯನ್ನು ಪರಿವರ್ತಿಸುವ ಯಂತ್ರಗಳಲ್ಲಿ ಇರತಕ್ಕ ಮುದ್ರಿತ ಫಲಕಗಳನ್ನು, ಅವುಗಳನ್ನು ತಯಾರಿಸುವುದಕ್ಕೆ ಮೊದಲೇ, ಗಣಿತದಿಂದ ಪರೀಕ್ಷಿಸುವ ಶಾಸ್ತ್ರವು ಈ ಮರವೆಗೆ ಪರಿಹಾರವಾಗಿ ಬೆಳೆದುದು. ಇಂದಿನ ಉಪನ್ಯಾಸದ ವಿಷಯವು ಅದೇ.

ಮೊದಲು ಪರಿವರ್ತನೆಯೆಂದರೇನೆಂಬುದನ್ನು ತಿಳಿಯತಕ್ಕದ್ದು. ತುಮಕೂರು ಜಿಲ್ಲೆಯ ಪಾವಗಡ ಸೀಮೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರವಿರುವುದನ್ನು ಸಭಿಕರು ಬಲ್ಲರು. ಸೂರ್ಯನ ಬೆಳಕಿನಿಂದ ಅಲ್ಲಿ ಹುಟ್ಟುವುದು ಏಕಮುಖ ಪ್ರವಾಹ. ಊರೂರಿನ ತಂತಿಗಳಲ್ಲಿ ಹರಿಯುವುದು ಸೆಕೆಂಡಿಗೆ 50 ಸಲ ಆವರ್ತಿಸುವ ಪರ್ಯಾಯ ಪ್ರವಾಹ. ಒಂದನ್ನು ಮತ್ತೊಂದಾಗಿ ಮಾಡುವ ಯಂತ್ರಕ್ಕೆ ಇನ್ವರ್ಟರ್ ಎಂದು ಹೆಸರು. ವಿದ್ಯುತ್ ಮೋಟಾರಿನ ವಾಹನಗಳಲ್ಲಿ, ರೈಲು ಎಂಜಿನ್ನುಗಳಲ್ಲಿ, ಆಸ್ಪತ್ರೆಯ ಉಪಕರಣಗಳಲ್ಲಿ, ಕೈಯಲ್ಲಿ ಹಿಡಿಯುವ ದೂರವಾಣಿಗೆ ವಿದ್ಯುತ್ತನ್ನು ತುಂಬುವ ಸಣ್ಣ ಪೆಟ್ಟಿಗೆಯಲ್ಲಿ ಕೂಡ ಇಂತಹ ಪರಿವರ್ತಕಗಳೇ ಕೆಲಸಮಾಡುತ್ತವೆ.

ಇವೆಲ್ಲದರ ಒಳಗೂ ಇರುವ ಉಪಾಯವು ಒಂದೇ. ಒಂದು ಬಾಗಿಲನ್ನು ಸೆಕೆಂಡಿಗೆ ಸಾವಿರಾರು ಸಲ, ಕೆಲವೆಡೆ ಲಕ್ಷಾಂತರ ಸಲ, ತೆರೆಯುವುದು ಮತ್ತು ಮುಚ್ಚುವುದು. ಬಾಗಿಲು ಪೂರ್ಣವಾಗಿ ತೆರೆದಿರುವಾಗ ಪ್ರವಾಹವು ಅಡ್ಡಿಯಿಲ್ಲದೆ ಹೋಗುವುದರಿಂದ ನಷ್ಟವು ಅಲ್ಪ. ಪೂರ್ಣವಾಗಿ ಮುಚ್ಚಿರುವಾಗ ಪ್ರವಾಹವೇ ಇಲ್ಲವಾದುದರಿಂದ ಆಗಲೂ ನಷ್ಟವಿಲ್ಲ. ಅರ್ಧ ತೆರೆದ ಸ್ಥಿತಿಯಲ್ಲಿ ಒತ್ತಡವೂ ಪ್ರವಾಹವೂ ಒಟ್ಟಿಗೆ ಇರುವುದರಿಂದ ಶಕ್ತಿಯು ಶಾಖವಾಗಿ ವ್ಯರ್ಥವಾಗುವುದು. ಹೀಗಿರಲಾಗಿ ಆ ಮಧ್ಯಸ್ಥಿತಿಯನ್ನು ಎಷ್ಟು ಬೇಗ ದಾಟಿದರೆ ಅಷ್ಟು ಲಾಭವೆಂಬುದು ಸ್ಪಷ್ಟ. ವೇಗದ ಆಸೆಯು ಹುಟ್ಟಿದುದು ಇಲ್ಲಿಂದಲೇ.

ಈ ಬಾಗಿಲಿನ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬಹುದು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಥೈರಿಸ್ಟರ್ ರೂಪುಗೊಂಡಿತು. 1980ರ ಅನಂತರದ ಮೊದಲ ವರ್ಷಗಳಲ್ಲಿ ಅದೇ ಸಂಸ್ಥೆಯಲ್ಲಿದ್ದ ಬಿ. ಜಯಂತ ಬಾಳಿಗಾ ಅವರು ಐ.ಜಿ.ಬಿ.ಟಿ. ಎಂಬ ಟ್ರಾನ್ಸಿಸ್ಟರನ್ನು ಬೆಳೆಸಿದರು. ಇವರು ಬೆಂಗಳೂರಿನಲ್ಲಿ ಬಾಲ್ಯವನ್ನು ಕಳೆದು ಮದ್ರಾಸಿನ ಐ.ಐ.ಟಿ.ಯಲ್ಲಿ ವಿದ್ಯಾಭ್ಯಾಸಮಾಡಿದವರೆಂಬುದು ಕನ್ನಡನಾಡಿಗೆ ಸಂತೋಷದ ಸಂಗತಿ. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಮ್ ತಂತ್ರಜ್ಞಾನ ಪಾರಿತೋಷಕವು ಅವರಿಗೆ ಸಂದಿತು. ಅವರ ಬಾಗಿಲು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದೊಳಗೇ ತೆರೆದು ಮುಚ್ಚಬಲ್ಲದು. ಈಚೆಗೆ ಸಿಲಿಕಾನ್ ಕಾರ್ಬೈಡ್ ಮತ್ತು ಗ್ಯಾಲಿಯಮ್ ನೈಟ್ರೈಡ್ ಎಂಬ ಪದಾರ್ಥಗಳಿಂದಾದ ಟ್ರಾನ್ಸಿಸ್ಟರುಗಳು ಬಂದಿವೆ. ಇವು ಹತ್ತು ನ್ಯಾನೋಸೆಕೆಂಡಿನಲ್ಲಿ, ಕೆಲವು ಅದಕ್ಕಿಂತಲೂ ಬೇಗ, ಆ ಕಾರ್ಯವನ್ನು ಮುಗಿಸುತ್ತವೆ. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ. ಅಷ್ಟರಲ್ಲಿ ಬೆಳಕು ಕೂಡ ಒಂದು ಅಡಿಗಿಂತ ಹೆಚ್ಚು ದೂರ ಹೋಗಲಾರದು.

ಬಾಗಿಲಿನ ವಿಷಯವು ಇಷ್ಟಾಯಿತು. ಅದನ್ನು ಕೂರಿಸತಕ್ಕ ಗೋಡೆಯೇ ಮುದ್ರಿತ ಫಲಕ. ವಿಯೆನ್ನಾ ನಗರದಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲಸಿದ ಪಾಲ್ ಐಸ್ಲರ್ ಎಂಬ ಎಂಜಿನಿಯರು 1936ರ ಸುಮಾರಿನಲ್ಲಿ, ತಂತಿಗಳನ್ನು ಒಂದೊಂದಾಗಿ ಬೆಸೆಯುವುದಕ್ಕೆ ಬದಲಾಗಿ, ತಾಮ್ರದ ರೇಖೆಗಳನ್ನೇ ಹಲಗೆಯ ಮೇಲೆ ಅಚ್ಚಿನಂತೆ ಮೂಡಿಸಿ ರೇಡಿಯೋ ಯಂತ್ರವೊಂದನ್ನು ಮಾಡಿ ತೋರಿಸಿದನು. ಇಂದಿನ ಫಲಕವು ಗಾಜಿನ ಎಳೆಯ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ಬಿಗಿದು ಮಾಡಿದುದು. ಅದರ ಮೇಲಣ ತಾಮ್ರದ ಹಾಳೆಯು ಸಾಮಾನ್ಯವಾಗಿ 35 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಮೂವತ್ತೈದು ಭಾಗ, ದಪ್ಪವಿರುವುದು. ಎರಡು, ನಾಲ್ಕು, ಕೆಲವೆಡೆ ಅದಕ್ಕೂ ಹೆಚ್ಚು ಪದರಗಳಲ್ಲಿ ತಾಮ್ರವನ್ನು ಹಾಸುವುದುಂಟು.

ಈಗ ಪ್ರಕೃತ ವಿಷಯದ ತಿರುಳಿಗೆ ಬರಬಹುದು. ಎಂಜಿನಿಯರು ಕಾಗದದ ಮೇಲೆ ಬರೆಯುವ ಮಂಡಲಚಿತ್ರದಲ್ಲಿ ಒಂದು ಗೆರೆಯು ಗೆರೆ ಮಾತ್ರ. ಅದಕ್ಕೆ ಉದ್ದವಿಲ್ಲ, ಅಗಲವಿಲ್ಲ. ಫಲಕದ ಮೇಲಿನ ತಾಮ್ರಕ್ಕಾದರೋ ಅವೆಲ್ಲವೂ ಉಂಟು. 1831ರಲ್ಲಿ ಮೈಕೇಲ್ ಫ್ಯಾರಡೆಯು ಬದಲಾಗುವ ಕಾಂತಕ್ಷೇತ್ರವು ಮಂಡಲದಲ್ಲಿ ವಿದ್ಯುತ್ತಿನ ಒತ್ತಡವನ್ನು ಹುಟ್ಟಿಸುವುದೆಂದು ಕಂಡನು. 1865ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ವಿದ್ಯುತ್ಕಾಂತ ಕ್ಷೇತ್ರದ ಸಮೀಕರಣಗಳನ್ನು ಕೊಟ್ಟನು. ಪ್ರವಾಹದ ಬದಲಾವಣೆಗೆ ಮಂಡಲವು ತೋರುವ ಈ ಜಡತ್ವಕ್ಕೆ 1886ರಲ್ಲಿ ಆಲಿವರ್ ಹೆವಿಸೈಡ್ ಇಂಡಕ್ಟೆನ್ಸ್ ಎಂಬ ಹೆಸರನ್ನಿಟ್ಟನು, ಕನ್ನಡದಲ್ಲಿ ಪ್ರೇರಕತೆಯೆನ್ನಬಹುದು. ಅದನ್ನು ಅಳೆಯುವ ಮಾನಕ್ಕೆ ಹೆನ್ರಿಯೆಂದು ಹೆಸರು. ಪ್ರವಾಹವು ಹೋಗುವ ದಾರಿಗೂ ಬರುವ ದಾರಿಗೂ ನಡುವೆ ಆವರಿಸಿಕೊಂಡಿರುವ ಜಾಗವು ಹೆಚ್ಚಿದಷ್ಟೂ ಪ್ರೇರಕತೆಯು ಹೆಚ್ಚುವುದು. ತಾಮ್ರವು ಎಷ್ಟು ಶುದ್ಧವಾಗಿದ್ದರೂ ಈ ದೋಷಕ್ಕೆ ಅದು ಪರಿಹಾರವಲ್ಲ. ಏತಕ್ಕೆಂದರೆ ದೋಷವಿರುವುದು ತಾಮ್ರದಲ್ಲಲ್ಲ, ಎರಡು ದಾರಿಗಳ ನಡುವಣ ಬಯಲಿನಲ್ಲಿ.

ಒಂದು ಲೆಕ್ಕವನ್ನು ಮಾಡಿ ನೋಡಿದರೆ ಇದರ ಗುರುತ್ವವು ಮನಸ್ಸಿಗೆ ಬರುವುದು. 400 ವೋಲ್ಟ್ ಒತ್ತಡದ ಪರಿವರ್ತಕವೊಂದರಲ್ಲಿ 650 ವೋಲ್ಟನ್ನು ತಾಳಬಲ್ಲ ಟ್ರಾನ್ಸಿಸ್ಟರುಗಳಿವೆಯೆಂದೂ, ಅವುಗಳನ್ನೂ ಹತ್ತಿರದ ಧಾರಕವನ್ನೂ ಸುತ್ತಿಬರುವ ದಾರಿಯ ಪ್ರೇರಕತೆಯು 20 ನ್ಯಾನೋಹೆನ್ರಿಯೆಂದೂ ಇಟ್ಟುಕೊಳ್ಳಬಹುದು. 50 ಆಂಪಿಯರ್ ಪ್ರವಾಹವನ್ನು 100 ನ್ಯಾನೋಸೆಕೆಂಡಿನಲ್ಲಿ ತಡೆದರೆ ಹೆಚ್ಚುವರಿಯಾಗಿ ಹುಟ್ಟುವ ಒತ್ತಡವು 10 ವೋಲ್ಟ್ ಮಾತ್ರ. ಅದನ್ನು ಯಾರೂ ಗಮನಿಸಬೇಕಾದುದಿಲ್ಲ. ಅದೇ ಪ್ರವಾಹವನ್ನು 10 ನ್ಯಾನೋಸೆಕೆಂಡಿನಲ್ಲಿ ತಡೆದರೆ 100 ವೋಲ್ಟ್ ಹುಟ್ಟಿ ಟ್ರಾನ್ಸಿಸ್ಟರಿನ ಮೇಲೆ 500 ವೋಲ್ಟ್ ಬೀಳುವುದು. ಅದಕ್ಕೂ ಅದು ತಾಳೀತು. ಆದರೆ ಧಾರಕವನ್ನು ಸ್ವಲ್ಪ ದೂರದಲ್ಲಿ ಇಟ್ಟುದರಿಂದ ಪ್ರೇರಕತೆಯು ಮೂರು ಪಾಲಾಗಿ 60 ನ್ಯಾನೋಹೆನ್ರಿಯಾದರೆ, ಹೆಚ್ಚುವರಿಯು 300 ವೋಲ್ಟಾಗಿ ಒಟ್ಟು 700 ವೋಲ್ಟಿಗೆ ಏರುವುದು. ಬಾಗಿಲು ಒಡೆಯಿತು. ಕಾಗದದ ಮೇಲಿನ ಮಂಡಲಚಿತ್ರವು ಎರಡಕ್ಕೂ ಒಂದೇ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಒಂದು ಯಂತ್ರವು ಬದುಕಿತು, ಮತ್ತೊಂದು ಸತ್ತಿತು. ಭೇದವು ಚಿತ್ರದಲ್ಲಿ ಬರೆಯದೆ ಬಿಟ್ಟ ಬಯಲಿನದು.

ಒಡೆಯದೆ ಉಳಿದರೂ ಉಪದ್ರವವು ತಪ್ಪುವುದಿಲ್ಲ. ಆ 20 ನ್ಯಾನೋಹೆನ್ರಿಯು ಟ್ರಾನ್ಸಿಸ್ಟರಿನೊಳಗಿನ 200 ಪಿಕೋಫ್ಯಾರಡ್ ಧಾರಕತೆಯೊಡನೆ ಸೇರಿ, ಹೊಡೆದ ಗಂಟೆಯಂತೆ, ಸೆಕೆಂಡಿಗೆ ಸುಮಾರು ಎಂಟು ಕೋಟಿ ಸಲ ಮಿಡಿಯುವುದು. ಈ ಮಿಡಿತವು 80 ಮೆಗಾಹರ್ಟ್ಸ್ ರೇಡಿಯೋ ಅಲೆಯಾಗಿ ಹೊರಗೆ ಹರಡುವುದು. ಒಂದು ಯಂತ್ರದ ಸದ್ದು ಮತ್ತೊಂದರ ಮಾತನ್ನು ಕೆಡಿಸಬಾರದೆಂಬ ಉದ್ದೇಶದಿಂದ 1934ರಲ್ಲಿಯೇ ಸಿ.ಐ.ಎಸ್.ಪಿ.ಆರ್. ಎಂಬ ಅಂತರರಾಷ್ಟ್ರೀಯ ಸಮಿತಿಯು ಹುಟ್ಟಿತು. ತಂತಿಯ ಮೂಲಕ ಹೋಗುವ ಉಪದ್ರವವನ್ನು ಸಾಮಾನ್ಯವಾಗಿ 150 ಕಿಲೋಹರ್ಟ್ಸಿನಿಂದ 30 ಮೆಗಾಹರ್ಟ್ಸಿನವರೆಗೂ, ಗಾಳಿಯಲ್ಲಿ ಹರಡುವುದನ್ನು 30 ಮೆಗಾಹರ್ಟ್ಸಿನಿಂದ ಮೇಲಕ್ಕೂ ಅಳೆಯುವ ಕ್ರಮವು ಅದರಿಂದ ಬಂದುದು. ಮೇಲೆ ಹೇಳಿದ ಮಿಡಿತವು ಈ ಎರಡನೆಯ ವ್ಯಾಪ್ತಿಯ ಒಳಗೇ ಬೀಳುವುದು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಮತ್ತೊಂದುಂಟು. ಬಾಗಿಲಿಗೆ ಆಜ್ಞೆಯನ್ನು ಕೊಡುವ ಸಣ್ಣ ಮಂಡಲವೂ ಭಾರಿ ಪ್ರವಾಹದ ಮಂಡಲವೂ ಒಂದು ತುಂಡು ತಾಮ್ರವನ್ನು ಹಂಚಿಕೊಂಡಿದ್ದರೆ, ಒಡೆಯನ ಕೂಗು ಕಾವಲುಗಾರನ ಕಿವಿಗೆ ಬೇರೆಯಾಗಿ ಬಿದ್ದಂತಾಗುವುದು. ಆ ತುಂಡಿನ ಪ್ರೇರಕತೆಯು ಒಂದೇ ಒಂದು ನ್ಯಾನೋಹೆನ್ರಿಯಾಗಿದ್ದರೂ, ನ್ಯಾನೋಸೆಕೆಂಡಿಗೆ 5 ಆಂಪಿಯರ್ ಬದಲಾಗುವಾಗ ಅಲ್ಲಿ 5 ವೋಲ್ಟ್ ಹುಟ್ಟುವುದು. ಗ್ಯಾಲಿಯಮ್ ನೈಟ್ರೈಡಿನ ಬಾಗಿಲುಗಳು ಸುಮಾರು ಒಂದೂವರೆ ವೋಲ್ಟಿಗೇ ತೆರೆಯಲು ತೊಡಗುವವು. ಮುಚ್ಚೆಂದು ಆಜ್ಞೆ ಕೊಟ್ಟ ಕ್ಷಣದಲ್ಲಿ ಅದು ತೆರೆದೇ ನಿಂತರೆ, ಮೇಲಿನ ಬಾಗಿಲೂ ಕೆಳಗಿನ ಬಾಗಿಲೂ ಒಟ್ಟಿಗೆ ತೆರೆದು ಮೂಲದ ಎರಡು ಕೊನೆಗಳೂ ನೇರವಾಗಿ ಕೂಡಿಹೋಗುವುವು. ಆಮೇಲೆ ಉಳಿಯುವುದು ಹೊಗೆ.

ಹಾಗಾದರೆ ಪ್ರವಾಹವು ಯಾವ ದಾರಿಯಲ್ಲಿ ಹಿಂದಿರುಗುವುದು? ನಿಧಾನವಾದ ಪ್ರವಾಹವು ರೋಧವು ಅಲ್ಪವಾದ ದಾರಿಯನ್ನು ಹಿಡಿಯುವುದು. ಅಗಲವಾದ ತಾಮ್ರದ ಹಾಸಿದ್ದರೆ ಅದರಲ್ಲೆಲ್ಲಾ ಹರಡಿಕೊಂಡು ಬರುವುದು. ವೇಗವಾಗಿ ಬದಲಾಗುವ ಪ್ರವಾಹವು ಪ್ರೇರಕತೆಯು ಅಲ್ಪವಾದ ದಾರಿಯನ್ನು ಆರಿಸಿಕೊಳ್ಳುವುದು. ಹೋಗುವ ರೇಖೆಯ ಕೆಳಗೆ ತಾಮ್ರದ ಹಾಸಿದ್ದರೆ, ಮರುಪ್ರವಾಹವು ನೆರಳಿನಂತೆ ಆ ರೇಖೆಯ ಅಡಿಯಲ್ಲಿಯೇ ಬರುವುದು. ಆ ಹಾಸಿನಲ್ಲಿ ಯಾರೋ ತಿಳಿಯದೆ ಒಂದು ಸೀಳನ್ನು ಬಿಟ್ಟಿದ್ದರೆ, ನೆರಳು ಸೀಳನ್ನು ಬಳಸಿ ಬರಬೇಕಾಗಿ, ಆ ಬಳಸಿನೊಳಗಿನ ಜಾಗವೆಲ್ಲವೂ ಹೊಸ ಪ್ರೇರಕತೆಯಾಗುವುದು. ಪ್ರವಾಹವು ತಾಮ್ರದ ಒಳಕ್ಕೆ ಇಳಿಯುವ ಆಳವೂ ಹಾಗೆಯೇ ಬದಲಾಗುವುದು. 50 ಹರ್ಟ್ಸಿನಲ್ಲಿ ಅದು 9 ಮಿಲಿಮೀಟರಿಗಿಂತ ಹೆಚ್ಚು. 100 ಕಿಲೋಹರ್ಟ್ಸಿನಲ್ಲಿ ಸುಮಾರು 0.2 ಮಿಲಿಮೀಟರ್, 100 ಮೆಗಾಹರ್ಟ್ಸಿನಲ್ಲಿ 7 ಮೈಕ್ರೋಮೀಟರಿಗಿಂತಲೂ ಕಡಿಮೆ. ಒಂದೇ ತಾಮ್ರವು ಒಂದೊಂದು ವೇಗಕ್ಕೆ ಒಂದೊಂದು ವಸ್ತುವಾಗಿ ನಡೆದುಕೊಳ್ಳುವುದೆಂದರೆ ತಪ್ಪಾಗಲಾರದು.

ಇದರಿಂದ ಪರಿಹಾರವೂ ಹೊಳೆಯುವುದು. ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಅಗಲವಾದ ಎರಡು ಹಾಳೆಗಳನ್ನಾಗಿ ಮಾಡಿ ಒಂದರ ಕೆಳಗೊಂದು ಇಡತಕ್ಕದ್ದು. 20 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಅಗಲದ ಎರಡು ಹಾಳೆಗಳ ನಡುವೆ ಫಲಕದ ಪೂರ್ಣ ದಪ್ಪವಾದ 1.6 ಮಿಲಿಮೀಟರ್ ಅಂತರವಿದ್ದರೆ ಪ್ರೇರಕತೆಯು ಸುಮಾರು 4 ನ್ಯಾನೋಹೆನ್ರಿ. ಒಳಪದರವನ್ನು ಬಳಸಿ ಅಂತರವನ್ನು 0.2 ಮಿಲಿಮೀಟರಿಗೆ ಇಳಿಸಿದರೆ ಅದು ಸುಮಾರು ಅರ್ಧ ನ್ಯಾನೋಹೆನ್ರಿಗೆ ಇಳಿಯುವುದು. ವೆಚ್ಚವು ಎರಡು ಪದರದ ತಾಮ್ರ, ಲಾಭವು ಎಂಟು ಪಾಲು.

ಇಷ್ಟೇ ಆಗಿದ್ದರೆ ನಿಯಮವೊಂದನ್ನು ಬಾಯಿಪಾಠ ಮಾಡಿಕೊಂಡರೆ ಸಾಕಾಗಿತ್ತು. ಗಣಿತದ ಮಾದರಿಯು ಬೇಕಾಗಿರಲಿಲ್ಲ. ಆದರೆ ಒಂದು ರೋಗದ ಔಷಧವು ಮತ್ತೊಂದು ರೋಗಕ್ಕೆ ಬೀಜವಾಗುವುದುಂಟು. ಹತ್ತಿರ ತಂದ ಎರಡು ಹಾಳೆಗಳು ತಾವೇ ಒಂದು ಧಾರಕವಾಗುವುವು. ಮೇಲೆ ಹೇಳಿದ ಹಾಳೆಗಳ ನಡುವೆ, 0.2 ಮಿಲಿಮೀಟರ್ ಅಂತರದಲ್ಲಿ, ಸುಮಾರು 39 ಪಿಕೋಫ್ಯಾರಡ್ ಧಾರಕತೆಯುಂಟಾಗುವುದು. ಅವುಗಳಲ್ಲಿ ಒಂದರ ಒತ್ತಡವು 10 ನ್ಯಾನೋಸೆಕೆಂಡಿನಲ್ಲಿ 400 ವೋಲ್ಟ್ ಏರುವಂತಹ ಸ್ಥಳದಲ್ಲಿದ್ದರೆ, ತಾಮ್ರದ ಸಂಬಂಧವೇ ಇಲ್ಲದ ಆ ಅಂತರದ ಮೂಲಕ ಒಂದೂವರೆ ಆಂಪಿಯರಿಗೂ ಹೆಚ್ಚಾದ ಪ್ರವಾಹವು ಹಾಯ್ದುಹೋಗುವುದು. ಆದುದರಿಂದ ಒತ್ತಡವು ಸ್ಥಿರವಾಗಿರುವೆಡೆ ಹಾಳೆಗಳನ್ನು ಹತ್ತಿರ ತರುವುದು ಗುಣ. ಒತ್ತಡವು ಜಿಗಿಯುವೆಡೆ ಅದೇ ದೋಷ. ಎಲ್ಲಿ ಎಷ್ಟು ಎಂಬುದನ್ನು ನಿಯಮವು ಹೇಳಲಾರದು, ಲೆಕ್ಕವೇ ಹೇಳಬೇಕು.

ಲೆಕ್ಕದ ಕ್ರಮಗಳು ಹಲವು. ಫಲಕವನ್ನೂ ಅದರ ಸುತ್ತಣ ಆಕಾಶವನ್ನೂ ಸಣ್ಣ ಸಣ್ಣ ಖಂಡಗಳಾಗಿ ಭಾಗಿಸಿ ಪ್ರತಿಯೊಂದರಲ್ಲಿಯೂ ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಬಿಡಿಸುವುದು ಒಂದು ಕ್ರಮ. ಕಾಲವನ್ನೂ ಹಾಗೆಯೇ ತುಂಡುಮಾಡಿ ಕ್ಷೇತ್ರವನ್ನು ಹೆಜ್ಜೆಹೆಜ್ಜೆಯಾಗಿ ನಡೆಸುವ ವಿಧಾನವನ್ನು 1966ರಲ್ಲಿ ಕೇನ್ ಯೀ ಪ್ರಕಟಿಸಿದನು. ಆಕಾಶವನ್ನು ಬಿಟ್ಟು ಲೋಹದ ಮೇಲಣ ಪ್ರವಾಹಗಳನ್ನೇ ಅಜ್ಞಾತಗಳೆಂದು ಹಿಡಿಯುವ ಕ್ರಮವನ್ನು ರೋಜರ್ ಹ್ಯಾರಿಂಗ್ಟನ್ 1968ರ ಗ್ರಂಥದಲ್ಲಿ ವಿವರಿಸಿದನು. ಪರಿವರ್ತಕಗಳ ಕೆಲಸಕ್ಕೆ ಬಹಳವಾಗಿ ಒದಗುವುದು ಮತ್ತೊಂದು ಕ್ರಮ. ಐ.ಬಿ.ಎಂ. ಸಂಸ್ಥೆಯ ಆಲ್ಬರ್ಟ್ ರೂಲಿ 1972 ಮತ್ತು 1974ರ ಪ್ರಬಂಧಗಳಲ್ಲಿ ಅದಕ್ಕೆ ರೂಪಕೊಟ್ಟನು. ಪೀಕ್ ಎಂದು ಅದನ್ನು ಸಂಕ್ಷೇಪವಾಗಿ ಕರೆಯುತ್ತಾರೆ.

ಈ ಪೀಕ್ ಕ್ರಮದ ಯುಕ್ತಿಯು ಹೀಗಿದೆ. ಪ್ರೇರಕತೆಯೆಂಬುದು ಪೂರ್ಣವಾದ ಸುತ್ತಿಗೆ ಸೇರಿದುದೇ ಹೊರತು ತಂತಿಯ ತುಂಡಿಗೆ ಸೇರಿದುದಲ್ಲ. ಆದರೂ ಪ್ರತಿಯೊಂದು ತುಂಡಿಗೂ ಒಂದು ಪಾಲು ಪ್ರೇರಕತೆಯನ್ನು ಹೊರಿಸಿ, ಯಾವ ಎರಡು ತುಂಡುಗಳ ನಡುವೆಯೂ ಇರುವ ಪರಸ್ಪರ ಪ್ರಭಾವವನ್ನು ಎಣಿಸಿಟ್ಟರೆ, ಸುತ್ತು ಪೂರ್ಣವಾದಾಗ ಮೊತ್ತವು ತಾನಾಗಿ ಸರಿಹೋಗುವುದು. ಎದುರು ಬದುರಾಗಿ ಹರಿಯುವ ಎರಡು ತುಂಡುಗಳು ಒಂದರ ಕ್ಷೇತ್ರವನ್ನು ಮತ್ತೊಂದು ಕಳೆಯುವುವು; ಮರುದಾರಿಯ ಉಪಕಾರವು ಲೆಕ್ಕದಲ್ಲಿ ಹೀಗೆ ಪ್ರತ್ಯಕ್ಷವಾಗಿ ಕಾಣುವುದು. ಫಲಕವೆಲ್ಲವೂ ರೋಧ, ಪ್ರೇರಕತೆ, ಧಾರಕತೆಗಳ ಒಂದು ದೊಡ್ಡ ಬಲೆಯಾಗಿ, ಆ ಬಲೆಯನ್ನು ಟ್ರಾನ್ಸಿಸ್ಟರಿನ ಗಣಿತದೊಡನೆ ನೇರವಾಗಿ ಜೋಡಿಸಬಹುದಾಗಿದೆ. ಎಂಜಿನಿಯರು ಕಾಗದದ ಮೇಲೆ ಬರೆಯದೆ ಬಿಟ್ಟ ಬಯಲು ಈಗ ಚಿತ್ರದೊಳಕ್ಕೆ ಬಂದಿತು.

ಈ ಬಲೆಯು ನೆಚ್ಚತಕ್ಕದ್ದೇ ಎಂಬ ಪ್ರಶ್ನೆಯು ನ್ಯಾಯವಾದುದು. 80 ಮೆಗಾಹರ್ಟ್ಸಿನ ಅಲೆಯ ಉದ್ದವು ಗಾಳಿಯಲ್ಲಿ ಮೂರುಮುಕ್ಕಾಲು ಮೀಟರ್. ಹತ್ತು ಸೆಂಟಿಮೀಟರಿನ ಫಲಕವು ಅದರ ಮುಂದೆ ಬಹು ಸಣ್ಣದಾದುದರಿಂದ ಸರಳವಾದ ಲೆಕ್ಕವು ಅಲ್ಲಿ ಸಾಕು. ಆವರ್ತನವು ಇನ್ನೂ ಏರಿದರೆ, ಅಥವಾ ಉದ್ದವಾದ ತಂತಿಗಳು ಫಲಕಕ್ಕೆ ಸೇರಿದರೆ, ಪೂರ್ಣವಾದ ಅಲೆಯ ಲೆಕ್ಕವೇ ಬೇಕು. ಖಂಡಗಳನ್ನು ಇನ್ನೂ ಸಣ್ಣದಾಗಿ ಮಾಡಿದಾಗ ಉತ್ತರವು ಬದಲಾದರೆ ಮೊದಲಿನ ಉತ್ತರವನ್ನು ನಂಬಬಾರದು. ಟ್ರಾನ್ಸಿಸ್ಟರಿನ ಕವಚದೊಳಗಿನ ಪ್ರೇರಕತೆಯನ್ನು ಬಿಟ್ಟರೆ, ಅಥವಾ ಒತ್ತಡದೊಡನೆ ಬದಲಾಗುವ ಅದರ ಧಾರಕತೆಯನ್ನು ಸ್ಥಿರವೆಂದು ಹಿಡಿದರೆ, ಫಲಕದ ಲೆಕ್ಕವು ಎಷ್ಟು ಶುದ್ಧವಾಗಿದ್ದರೂ ಮೊತ್ತವು ತಪ್ಪುವುದು. ಯಂತ್ರವು ತೋರಿಸುವ ಬಣ್ಣದ ಚಿತ್ರವು ಮನೋಹರವಾಗಿರುವುದೆಂಬ ಕಾರಣದಿಂದಲೇ ಅದು ಸತ್ಯವೆಂದು ಭ್ರಮಿಸುವವರು ಹಲವರು.

ಆದುದರಿಂದ ಅಳತೆಯು ಬೇಕು. ಆದರೆ ಅಳೆಯುವವನ ಕೈಯೂ ನಿರ್ದೋಷವಲ್ಲ. ಆಸಿಲೋಸ್ಕೋಪಿನ ಕಡ್ಡಿಗೆ ಸಾಮಾನ್ಯವಾಗಿ ಒಂದು ಗೇಣಿನಷ್ಟು ಉದ್ದದ ನೆಲತಂತಿಯಿರುವುದು. 15 ಸೆಂಟಿಮೀಟರಿನ ಅಂತಹ ತಂತಿಯ ಪ್ರೇರಕತೆಯು ಸುಮಾರು 150 ನ್ಯಾನೋಹೆನ್ರಿ. ಕಡ್ಡಿಯ ತುದಿಯ 10 ಪಿಕೋಫ್ಯಾರಡಿನೊಡನೆ ಅದು ಕೂಡಿ 130 ಮೆಗಾಹರ್ಟ್ಸಿನ ಸುಮಾರಿನಲ್ಲಿ ತಾನೇ ಮಿಡಿಯತೊಡಗುವುದು. ನೋಡುವವನು ಫಲಕವು ಮಿಡಿಯುತ್ತಿದೆಯೆಂದು ತಿಳಿದು, ಇಲ್ಲದ ರೋಗಕ್ಕೆ ಮದ್ದುಮಾಡುತ್ತಾನೆ. ಸಾಕ್ಷಿಯ ಮರುದಾರಿಯನ್ನೂ ವಿಚಾರಿಸಿದ ಮೇಲೆಯೇ ಸಾಕ್ಷ್ಯವನ್ನು ಒಪ್ಪತಕ್ಕದ್ದು. ಗಿಡ್ಡವಾದ ನೆಲಸಂಬಂಧದಿಂದ ಅಳೆದ ರೂಪವೂ ಮೊದಲೇ ಲೆಕ್ಕಮಾಡಿದ ರೂಪವೂ ಒಂದನ್ನೊಂದು ಹೋಲಿದರೆ ಆಗ ಮಾದರಿಯು ನೆಚ್ಚಿಕೆಗೆ ಪಾತ್ರವಾಯಿತು. ಹೋಲದಿದ್ದರೆ, ಮಾದರಿಯಲ್ಲಿ ಏನನ್ನು ಬಿಟ್ಟಿದೆಯೆಂದು ಮೊದಲು ಹುಡುಕಬೇಕೇ ಹೊರತು, ಅಂಕಿಗಳನ್ನು ತಿದ್ದಿ ಹೊಂದಿಸಬಾರದು.

ಈ ಶ್ರಮವೆಲ್ಲಾ ಏತಕ್ಕೆಂದು ಕೇಳುವವರು ಇರಬಹುದು. ಫಲಕವನ್ನು ಮಾಡಿ ನೋಡಿ, ಸುಟ್ಟರೆ ಮತ್ತೊಂದನ್ನು ಮಾಡಿದರಾಯಿತಲ್ಲವೆ? ಪ್ರಯೋಗಶಾಲೆಯಲ್ಲಿ ಸುಟ್ಟುದಕ್ಕೆ ಹಣದ ನಷ್ಟ ಮಾತ್ರ. ಪ್ರಯೋಗಶಾಲೆಯಲ್ಲಿ ಸುಡದೆ, ಅಂಚಿನಲ್ಲಿ ಬದುಕಿ, ಬೇಸಗೆಯ ಒಂದು ಮಧ್ಯಾಹ್ನ ರೈತನ ಪಂಪಿನಲ್ಲಿ ಸುಟ್ಟುದಕ್ಕೆ ಬೆಳೆಯ ನಷ್ಟ. ರೋಗಿಯ ಹಾಸಿಗೆಯ ಬಳಿ ಒಂದು ಉಪಕರಣದ ಮಿಡಿತವು ಮತ್ತೊಂದರ ಅಳತೆಯನ್ನು ಕೆಡಿಸಿದರೆ ಅದಕ್ಕೆ ಬೆಲೆಕಟ್ಟುವವರಾರು? ಅಪಾಯಕ್ಕೆ ಹೆದರಿ ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚುವುದೂ ಒಂದು ಉಪಾಯವೇ. ಆದರೆ ಆಗ ಪ್ರತಿ ಸಲವೂ ಸ್ವಲ್ಪ ಶಕ್ತಿಯು ಶಾಖವಾಗಿ ಹೋಗಿ, ಬಿಸಿಲಿನಿಂದ ಕಷ್ಟಪಟ್ಟು ಪಡೆದ ವಿದ್ಯುತ್ತು ದಾರಿಯಲ್ಲಿಯೇ ಸೋರುವುದು. ಬಾಗಿಲನ್ನು ಬೇಗ ನಡೆಸಿಯೂ ಯಂತ್ರವನ್ನು ಕಾಪಾಡುವ ಮಾರ್ಗವು ಮರುದಾರಿಯನ್ನು ಕಿರಿದು ಮಾಡುವುದೊಂದೇ. ಅದನ್ನು ಮುಂಚೆಯೇ ತಿಳಿಯುವ ಸಾಧನವು ಮಾದರಿ.

ಈ ವಿದ್ಯೆಗೆ ಭಾರಿ ಉಪಕರಣಗಳು ಬೇಕೆಂದು ವಿದ್ಯಾರ್ಥಿಗಳು ಹಿಂಜರಿಯಬೇಕಾಗಿಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ 1990ರ ದಶಕದಲ್ಲಿ ಸಿದ್ಧವಾದ ಫಾಸ್ಟ್‌ಹೆನ್ರಿ ಎಂಬ ಪ್ರೇರಕತೆಯ ಲೆಕ್ಕದ ಕ್ರಮವಿಧಿಯು ಸಾಮಾನ್ಯ ಗಣಕದಲ್ಲಿ ನಡೆಯುವುದು, ಹಣವಿಲ್ಲದೆ ದೊರೆಯುವುದು. ಅದಕ್ಕೂ ಮೊದಲು ಬೇಕಾದುದು ಒಂದು ಸೀಸದ ಕಡ್ಡಿ. ಫಲಕದ ಚಿತ್ರವನ್ನು ಮುಂದಿಟ್ಟುಕೊಂಡು, ಬಾಗಿಲು ತೆರೆದ ಕ್ಷಣದಲ್ಲಿ ಪ್ರವಾಹವು ಎಲ್ಲಿಂದ ಹೊರಟು ಎಲ್ಲಿ ಹಾಯ್ದು ಎಲ್ಲಿಗೆ ಹಿಂದಿರುಗುವುದೆಂಬುದನ್ನು ಕಡ್ಡಿಯನ್ನು ಎತ್ತದೆ ಒಂದೇ ಗೆರೆಯಾಗಿ ಎಳೆಯತಕ್ಕದ್ದು. ಬಾಗಿಲು ಮುಚ್ಚಿದ ಕ್ಷಣಕ್ಕೂ ಹಾಗೆಯೇ. ಎರಡು ಗೆರೆಗಳಲ್ಲಿ ಯಾವುದು ಎಲ್ಲಿ ಭೇದವಾಗಿದೆಯೋ ಅಲ್ಲಿಯೇ ವೇಗದ ಪ್ರವಾಹವಿರುವುದು, ಅಲ್ಲಿಯೇ ಅಪಾಯವಿರುವುದು. ಕಡ್ಡಿಯು ಎಲ್ಲಿ ತಡವರಿಸುವುದೋ ಅಲ್ಲಿ ಎಂಜಿನಿಯರಿಗೆ ತನ್ನ ಯಂತ್ರವು ಇನ್ನೂ ತಿಳಿದಿಲ್ಲವೆಂದೇ ಅರ್ಥ. ಲೆಕ್ಕವನ್ನು ಆ ಸ್ಥಳದಿಂದಲೇ ಆರಂಭಿಸಬೇಕು.